ಸೊಲ್ಲಿನ ತುದಿ

ಭಾನುವಾರ ಹಾಡಿದ್ದು ಮಂಗಳವಾರ ನನ್ನ ಫೋನಿಗೆ ಬಂದಾಗ ನಾನು ಚಟ್ನಿಗೆ ಶೇಂಗಾ ಹುರಿಯುತ್ತಿದ್ದೆ. ಒಲೆ ಸಣ್ಣ ಮಾಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಫೋನನ್ನು ಡಬ್ಬಿಗೆ ಒರಗಿಸಿಟ್ಟು ಹಚ್ಚಿದೆ. ಮೊದಲು ನನ್ನ ಧ್ವನಿ ಬಂತು. ಆಮೇಲೆ ಅಕ್ಕನದು. ಅಕ್ಕನ ಧ್ವನಿ ಸೊಲ್ಲಿನ ಮುಕ್ಕಾಲು ದೂರ ಸರಿಯಾಗಿ ಬಂದು, ಯಾರೋ ಅವಳ ಬಾಯಿಗೆ ಅಂಗೈ ಅಡ್ಡ ಇಟ್ಟಂತೆ ಒಮ್ಮೆಲೇ ಇಲ್ಲವಾಯಿತು. ಮತ್ತೆ ಬಂತು. ಮತ್ತೆ ಹೋಯಿತು. ಹಾಡು ಮುಗಿಯುವವರೆಗೆ ಹೀಗೇ. ನಾನು ಕೇಳುತ್ತ ನಿಂತುಬಿಟ್ಟೆ, ಶೇಂಗಾ ಒಂದು ಮಗ್ಗುಲು ಕರಿಯಾದವು.

ಶೇಂಗಾ ಹೋದರೆ ಹೋಗಲಿ. ಇದನ್ನು ಅಕ್ಕನೂ ಕೇಳುತ್ತಿರುತ್ತಾಳಲ್ಲ ಎಂಬುದೇ ನನ್ನ ಚಿಂತೆ. ಏಕೆಂದರೆ ಹೋದ ಚಳಿಗಾಲದಲ್ಲಿ ಅವಳಿಗೆ ನ್ಯುಮೋನಿಯಾ ಆಗಿ, ಊರಿಂದ ವಿಜಯಪುರಕ್ಕೆ ಕರೆತಂದು ದವಾಖಾನೆಯಲ್ಲಿ ಇಟ್ಟುಕೊಂಡಿದ್ದೆವು. ಮನೆಗೆ ಹೊರಡುವ ದಿನ ಡಾಕ್ಟರು ಗುಳಿಗೆಗಳ ಬಗ್ಗೆ, ತಣ್ಣೀರಿನ ಬಗ್ಗೆ, ದೂಳಿನ ಬಗ್ಗೆ ಹೇಳುತ್ತಿದ್ದರೆ ಅವಳು ಕೇಳಿದ್ದು ಒಂದೇ ಮಾತು: "ಇನ್ನ ಹಾಡಾಕ ಆಗ್ತೈತೇನ್ರಿ?" ಡಾಕ್ಟರು ನಕ್ಕು "ನೋಡೋಣ" ಅಂದರು. ಅವರು ಸುಮ್ಮನೆ ಅಂದದ್ದು. ಅಕ್ಕ ಮಾತ್ರ ಆ "ನೋಡೋಣ"ವನ್ನು ಮಡಿಚಿ ಎದೆಯಲ್ಲಿ ಇಟ್ಟುಕೊಂಡು ಮನೆಗೆ ಹೋದಳು.

ನಾನೇ ಫೋನು ಹಚ್ಚುವ ಮೊದಲು ಅವಳದೇ ಬಂತು.

"ಕೇಳಿದೇನವ್ವ?"

"ಕೇಳಿದೆ ಯಕ್ಕಾ."

"ಉಸಿರ ಉಳದಿಲ್ಲ ನೋಡು ನನಗ. ಸೊಲ್ಲ ಅರ್ಧಕ್ಕ ಬಿಡಾಕತ್ತೇನಿ, ನನಗ ಖಬರಿಲ್ಲ. ಮುಂದಿನ ಐತಾರದಿಂದ ನೀ, ಗೆಳತಿ ಇಬ್ರ ಹೇಳ್ರಿ. ನಾ ಕುಂತ ಕೇಳ್ತೇನಿ."

"ನಿನ್ನ ಉಸಿರಲ್ಲ ಅದು. ಫೋನಿಂದ ಏನೋ ಆಗೇತಿ."

"ಫೋನಿಗೆ ನಿನ್ನ ಧ್ವನಿ ಚಂದಾಗಿ ಕೇಳತೈತಿ, ಆಕಿದೂ ಕೇಳತೈತಿ. ನನ್ನ ಮ್ಯಾಲ ಅಷ್ಟ ಸಿಟ್ಟೇನ ಅದಕ್ಕ?"

ವಾದದಲ್ಲಿ ಸೋತರೂ ಒಪ್ಪಿಕೊಳ್ಳುವ ಜಾತಿಯವಳಲ್ಲ ನಾನು. "ಐತಾರ ನೀ ಹಾಡ್ತಿ, ಅಷ್ಟ" ಅಂದು ಇಟ್ಟೆ.

ನಮ್ಮ ಮೂವರ ವಿಷಯ ಹೇಳಬೇಕು. ಮೂವರೂ ವಿಜಯಪುರದ ಜೋರಾಪುರ ಪೇಟೆಯ ಒಂದೇ ಓಣಿಯಲ್ಲಿ ಬೆಳೆದವರು. ಅಕ್ಕನನ್ನು ಟಿಕೋಟಾ ಕಡೆ, ಬಿಜ್ಜರಗಿಯ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟರು. ನಮ್ಮ ಗೆಳತಿ ಪಕ್ಕದ ಮುಸ್ಲಿಂ ಮನೆಯ ಹುಡುಗಿ. ಅವರ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅವಳು ಬಬಲೇಶ್ವರದ ಆಚೆ ಕಾಖಂಡಕಿಗೆ ಹೋದಳು. ನನ್ನನ್ನು ಎಲ್ಲೂ ಕಳಿಸಲಿಲ್ಲ, ಎರಡು ಓಣಿ ದಾಟಿಸಿದರು. ಕೆಳಗೆ ನಮ್ಮವರ ಕಿರಾಣಿ ಅಂಗಡಿ, ಮೇಲೆ ನಮ್ಮ ಮನೆ. ಮಾಳಿಗೆಯ ಮೇಲೆ ನಿಂತರೆ ತವರಿನ ತುಳಸಿಕಟ್ಟೆ ಕಾಣುತ್ತದೆ.

ಚಿಕ್ಕವರಿದ್ದಾಗ ಓಣಿಯಲ್ಲಿ ಯಾರ ಮನೆಯ ಮದುವೆ ಇರಲಿ, ಸುರಗಿ ಸುತ್ತುವಾಗ ಹಾಡಲಿಕ್ಕೆ ನಮ್ಮನ್ನು ಕರೆಯುತ್ತಿದ್ದರು. ಮದುಮಕ್ಕಳನ್ನು ನಡುವೆ ಕೂಡಿಸಿ, ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟು, ತಂಬಿಗೆಯಿಂದ ತಂಬಿಗೆಗೆ ನೂಲು ಸುತ್ತುತ್ತ ಹೋಗುತ್ತಾರೆ. ನೂಲು ಮುಗಿಯುವವರೆಗೆ ಹಾಡು ನಿಲ್ಲುವಂತಿಲ್ಲ. ನಿಲ್ಲುವಂತಿಲ್ಲ ಅಂದರೆ ನಡುವೆ ಸಂದೂ ಬೀಳುವಂತಿಲ್ಲ. ಒಂದು ಕಡೆಯವರು ಸೊಲ್ಲು ಹೇಳಿ, ಅದರ ಕೊನೆಯ ಅಕ್ಷರವನ್ನು ಎಳೆಯುತ್ತಿರುವಾಗಲೇ ಎದುರಿನವರು ಆ ತುದಿಯನ್ನು ಹಿಡಿದುಕೊಳ್ಳಬೇಕು. ಅವರು ಹಿಡಿದರು ಎಂದು ಖಾತ್ರಿಯಾದ ಮೇಲೆಯೇ ಇವರು ಬಿಡಬೇಕು. ಯಾರಾದರೂ ಕೆಮ್ಮಿದರೆ, ಮರೆತರೆ, ನಗೆ ಬಂದರೆ, ಪಕ್ಕದಲ್ಲಿದ್ದವಳು ಕಣ್ಣು ಮಿಟುಕಿಸುವುದರೊಳಗೆ ಎತ್ತಿಕೊಳ್ಳಬೇಕು. ತಪ್ಪಿದರೆ ಗೋಡೆಗೆ ಒರಗಿ ಕೂತ ಮುದುಕಿಯರಿಂದ ಬೈಗುಳ ಬೀಳುತ್ತಿತ್ತು: "ಸೊಲ್ಲ ನೆಲಕ್ಕ ಒಗದ್ರಲ್ಲ ಬೇ! ಎತ್ತಿಕೊಳ್ಳಾಕ ಮಂದಿ ಇದ್ದಿಲ್ಲೇನ?"

ಈಗ ಮದುವೆಗಳಲ್ಲಿ ಸುರಗಿಯ ಹೊತ್ತಿಗೆ ಫೋಟೋದವರು "ಸ್ವಲ್ಪ ಸುಮ್ನಿರ್ರಿ" ಅನ್ನುತ್ತಾರೆ, ಹೊರಗೆ ಡಿಜೆ ಹಚ್ಚಿರುತ್ತಾರೆ. ಹಾಡುಗಳು ನಮ್ಮ ಬಾಯಲ್ಲೇ ಉಳಿದವು. ಅಕ್ಕ ದವಾಖಾನೆಯಿಂದ ಹೋದ ಮೇಲೆ ದಿನ ಕಳೆಯಲಿ ಎಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮೂವರೂ ಫೋನಿನಲ್ಲಿ ಕೂಡತೊಡಗಿದೆವು. ಒಬ್ಬರನ್ನೊಬ್ಬರು ಚೌಕಟ್ಟುಗಳಲ್ಲಿ ನೋಡುತ್ತ, ಯಾರ ಮನೆಯಲ್ಲಿ ಏನು ಸಾರು ಎಂದು ಕೇಳುತ್ತ, ಹಾಡುತ್ತ. ಅದು ಹೇಗೋ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ ಅಂತರ್ಜಾಲದಲ್ಲಿ ಇಡುವ ಒಬ್ಬರ ಕಿವಿಗೆ ಬಿತ್ತು. ದೂರದ ಊರಿನವರು, ಒಳ್ಳೆಯ ಮಾತಿನವರು. ನಾವು ಅವರನ್ನು ಸರ್ ಎಂದೇ ಕರೆಯುತ್ತೇವೆ. ಅವರೂ ಭಾನುವಾರ ನಮ್ಮ ಜೊತೆ ಕೂತು, ಅಲ್ಲಿಂದಲೇ ರೆಕಾರ್ಡ್ ಮಾಡಿಕೊಳ್ಳುತ್ತೇವೆ ಅಂದರು. ನಾವು ಒಪ್ಪಿದೆವು. ಅಕ್ಕ ಮೂಗುತಿ ತೊಳೆದು ಹಾಕಿಕೊಂಡು ಕೂತಿದ್ದಳು, ಕ್ಯಾಮೆರಾದಲ್ಲಿ ಕಾಣಲಿ ಬಿಡಲಿ.

ಆ ರೆಕಾರ್ಡೇ ಮಂಗಳವಾರ ಬಂದದ್ದು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಕೇಳಿಸಿದೆ. ಅವರು ರೊಟ್ಟಿ ಮುರಿಯುತ್ತ ಕೇಳಿ, "ನಿಮ್ಮಕ್ಕಗ ಅರವತ್ತ ದಾಟೇತಿ. ಜಡ್ಡಿನ್ಯಾಗಿಂದ ಎದ್ದಾಳ. ಬಿಡ್ತೇನಿ ಅಂದ್ರ ಬಿಡ್ಲಿ ಬಿಡು" ಅಂದರು.

"ನಿಮಗೂ ದಾಟೇತಿ. ನಾಳಿಂದ ಅಂಗಡಿ ಬಿಟ್ಟಬಿಡ್ರಿ, ಕುಂತ ಕೇಳೀರಂತ."

"ಅಂಗಡಿಗೂ ಹಾಡಿಗೂ ಏನ ಸಂಬಂಧ?"

"ಅದನ್ನ ನಿಮ್ಮ ತಕ್ಕಡಿ ಮುಂದ ಕುಂತ ವಿಚಾರ ಮಾಡ್ರಿ" ಅಂದೆ. ಅವರು ಚಟ್ನಿ ಬಾಯಿಗೆ ಹಾಕಿಕೊಂಡು, "ಇದು ಯಾಕ ಕರಕಲ ವಾಸನಿ ಹೊಡಿತೈತಿ?" ಅಂದರು. ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮರುದಿನದಿಂದ ದೋಷ ಹುಡುಕುವ ಕೆಲಸಕ್ಕೆ ಬಿದ್ದೆ. ನನಗೆ ಈ ಯಂತ್ರಗಳ ವಿದ್ಯೆ ಗೊತ್ತಿಲ್ಲ. ಆದರೆ ಅಕ್ಕಿಯಲ್ಲಿ ಕಲ್ಲು ಆರಿಸುವವಳಿಗೆ ಒಂದು ಗೊತ್ತಿರುತ್ತದೆ. ಎಲ್ಲವನ್ನೂ ಒಮ್ಮೆಗೇ ಕಲಕಿದರೆ ಕಲ್ಲು ಸಿಗುವುದಿಲ್ಲ, ಒಂದೊಂದೇ ಸಾಲು ಸರಿಸಬೇಕು. ಹಾಗೆಯೇ ಒಂದೊಂದನ್ನೇ ಬದಲಿಸುತ್ತ ಹೋದೆ. ನಮ್ಮ ಮನೆಯ ನೀರಿನ ಮೋಟರಿನ ಮೇಲೆ ಮೊದಲ ಅನುಮಾನ. ನಳ ಬಂದ ದಿನ ಅದು ಹೋ ಎಂದು ಕೂಗುತ್ತದೆ. ಅದನ್ನು ಬಂದ್ ಮಾಡಿ ಹಾಡಿದೆವು, ಧ್ವನಿ ಹೋಗುವುದು ಹೋಗುತ್ತಲೇ ಇತ್ತು. ಫ್ಯಾನು ನಿಲ್ಲಿಸಿ ಬೆವರುತ್ತ ಹಾಡಿದೆವು. ಅಕ್ಕನ ಸೊಸೆಗೆ ಹೇಳಿ ಅವಳ ಫೋನಿನಲ್ಲಿ ಬ್ಯಾಟರಿ ಉಳಿಸುವ ಗುಂಡಿಯನ್ನು ತೆಗೆಸಿದೆ, ಬೇರೆಯವರ ಕರೆ ನಡುವೆ ನುಗ್ಗದಂತೆ ಮಾಡಿಸಿದೆ. ಗೆಳತಿ ತನ್ನ ಮನೆಯಲ್ಲಿ ರೇಂಜು ಕಡಿಮೆ ಎಂದು ಮಾಳಿಗೆ ಹತ್ತಿ, ಒಣಗಲು ಹಾಕಿದ ಮೆಣಸಿನಕಾಯಿಯ ನಡುವೆ ಕೂತು ಹಾಡಿದಳು. ಸೀನುವುದು ಜಾಸ್ತಿಯಾಯಿತು, ಉಳಿದದ್ದು ಹಾಗೇ.

ಅಕ್ಕನ ಸೊಸೆ ಒಳ್ಳೆಯ ಮನಸ್ಸಿನಿಂದ ವೈರಿಲ್ಲದ ಇಯರ್‌ಫೋನು ತರಿಸಿ ಅತ್ತೆಯ ಕಿವಿಗೆ ಹಾಕಿದಳು. ಅದರಿಂದ ನಮ್ಮ ಧ್ವನಿ ಅವಳಿಗೆ ಇನ್ನೂ ತಡವಾಗಿ ಮುಟ್ಟತೊಡಗಿತು. ನಾವು ಸೊಲ್ಲು ಮುಗಿಸಿ ಬಾಯಿ ಮುಚ್ಚಿದ ಮೇಲೆ ಅವಳು ತಲೆ ಆಡಿಸುತ್ತಿದ್ದಳು. ಧ್ವನಿ ಹೋಗುವುದು ನಿಂತಿತೋ ಇಲ್ಲವೋ ನೋಡುವ ಮೊದಲೇ ಅದು ಕಿವಿಯಿಂದ ಜಾರಿ ಮೇಕೆಯ ಮೇವಿನಲ್ಲಿ ಬಿದ್ದು ಕಳೆದು, ಸಿಕ್ಕು, ಪೆಟ್ಟಿಗೆ ಸೇರಿತು.

ಪ್ರತಿ ಪ್ರಯತ್ನದ ಮೇಲೂ ಅಕ್ಕ ಕೇಳುವುದು ಒಂದೇ: "ಈಗರ ಸರಿ ಆತೇನ?" ಆಗಿಲ್ಲ ಅಂದಾಗ ಅವಳಿಗೆ ಬೇಸರವೂ ಆಗುತ್ತಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಒಂದೊಂದೇ ಕಾರಣ ಸುಳ್ಳಾದಂತೆಲ್ಲ ಉಳಿಯುವ ಕಾರಣ ತನ್ನ ಎದೆಯದೇ ಎಂದು ಅವಳು ಸಮಾಧಾನದಿಂದ ನಂಬುತ್ತಿದ್ದಳು. ನಡುವಿನ ಭಾನುವಾರವೂ ಹೀಗೇ ಹೋಯಿತು.

ಸರ್‌ಗೆ ಫೋನು ಮಾಡಿದೆ. ಅವರು ನಯವಾಗಿಯೇ ಹೇಳಿದರು: "ಮೇಡಂ, ನೀವಿಬ್ಬರೂ ಚೆನ್ನಾಗಿ ಕೇಳಿಸ್ತೀರಿ. ಹಿರಿಯರಿಗೆ ವಯಸ್ಸಾಗಿದೆ, ಉಸಿರು ಸಾಲುತ್ತಿಲ್ಲ ಅನ್ಸುತ್ತೆ. ಬೇಜಾರು ಮಾಡ್ಕೋಬೇಡಿ. ನೀವಿಬ್ಬರೇ ಹಾಡಿ, ನಾವು ಹಾರ್ಮೋನಿಯಂ ಕೂಡಿಸ್ತೀವಿ. ಅವರ ಫೋಟೋ ಹಾಕೋಣ."

ಫೋಟೋ! ಗೋಡೆಗೆ ಹಾಕುವವರ ಹಾಗೆ. "ನಮ್ಮಕ್ಕ ಇನ್ನ ಹಾಡಾಕತ್ತಾಳ್ರಿ, ಫೋಟೋದ ಜರೂರಿಲ್ಲ" ಅಂದೆ. ಅವರು ಗಾಬರಿಯಾಗಿ ಕ್ಷಮೆ ಕೇಳಿದರು. ಆದರೆ ಬರುವ ಭಾನುವಾರವೇ ಕೊನೆಯ ರೆಕಾರ್ಡಿಂಗ್, ಆಮೇಲೆ ಬೇರೆ ಜಿಲ್ಲೆಯವರದು, ಅಷ್ಟರಲ್ಲಿ ಸರಿಯಾಗದಿದ್ದರೆ ಇಬ್ಬರದೇ ತೆಗೆದುಕೊಳ್ಳಬೇಕಾಗುತ್ತದೆ ಎಂದೂ ಹೇಳಿದರು.

ಗುರುವಾರ ಬೆಳಗಿನ ಬಸ್ಸಿಗೆ ಟಿಕೋಟಾ ಮೇಲೆ ಬಿಜ್ಜರಗಿಗೆ ಹೋದೆ. ಚೀಲದಲ್ಲಿ ಸರಿಯಾಗಿ ಹುರಿದ ಶೇಂಗಾದ ಚಟ್ನಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅವಳ ಉಸಿರು ನಿಜವಾಗಿಯೂ ಹೋಗಿದ್ದರೆ ಏನು ಮಾಡುವುದು ಎಂದು ಒಮ್ಮೆ ವಿಚಾರ ಬಂತು. ಅದನ್ನು ಅಲ್ಲೇ ಕಿಟಕಿಯಿಂದ ಹೊರಗೆ ಹಾಕಿದೆ.

ಅಕ್ಕನ ಮನೆಯಲ್ಲಿ ರೇಂಜು ಸಿಗುವುದು ಒಣದ್ರಾಕ್ಷಿ ಶೆಡ್ಡಿನ ತುದಿಗೆ ಮಾತ್ರ. ಹಣ್ಣಿನ ಕಾಲ ಮುಗಿದಿದ್ದರಿಂದ ಜಾಳಿಗೆಗಳು ಖಾಲಿ ಇದ್ದವು, ಸಿಹಿ ವಾಸನೆ ಮಾತ್ರ ಉಳಿದಿತ್ತು. ಅಲ್ಲಿ ಪ್ಲಾಸ್ಟಿಕ್ ಕ್ರೇಟೊಂದನ್ನು ಬೋರಲು ಹಾಕಿ, ಅದರ ಮೇಲೆ ಫೋನು ನಿಲ್ಲಿಸಿ, ಧ್ವನಿಯನ್ನು ಪೂರ್ತಿ ಏರಿಸಿ, ಎದುರಿಗೆ ಚಾಪೆಯ ಮೇಲೆ ಕೂತು ಹಾಡುವುದು ಅವಳ ಪದ್ಧತಿ. ಕಾಖಂಡಕಿಯ ಗೆಳತಿಗೆ ಕರೆ ಹಚ್ಚಿದೆವು. ನನ್ನ ಫೋನು ಕೂಡಿಸಲಿಲ್ಲ. ನಾನು ಅಕ್ಕನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ನನ್ನ ಫೋನಿನ ಸಾದಾ ರೆಕಾರ್ಡರನ್ನು ಅವಳ ಉಡಿಯ ಹತ್ತಿರ ಇಟ್ಟೆ. ಆ ಕಡೆ ಗೆಳತಿ ತನಗೆ ಕೇಳಿಸಿದ್ದನ್ನು ರೆಕಾರ್ಡ್ ಮಾಡಿಕೊಳ್ಳಬೇಕು ಎಂದು ಹೇಳಿದ್ದೆ.

ಅಕ್ಕ ಹಾಡಿದಳು. ನನ್ನ ಕಿವಿಯ ಪಕ್ಕದಲ್ಲೇ ಹಾಡಿದಳು. ಸೊಲ್ಲು ಪೂರ್ತಿ ಹೋಯಿತು, ತುದಿ ಎಳೆಯಿತು, ಗೆಳತಿ ಹಿಡಿಯುವವರೆಗೂ ನಿಂತಿತ್ತು. ಎಲ್ಲೂ ಸಂದಿಲ್ಲ. ಹಾಡು ಮುಗಿದ ಮೇಲೆ ಗೆಳತಿ ಕಳಿಸಿದ ರೆಕಾರ್ಡು ಹಚ್ಚಿದೆವು. ಅದರಲ್ಲಿ ಅಕ್ಕನ ಪ್ರತಿ ಸೊಲ್ಲಿನ ಬಾಲವೂ ಕತ್ತರಿಸಿ ಹೋಗಿತ್ತು.

"ನೋಡಿದೇನ?" ಅಂದಳು ಅಕ್ಕ.

"ನೀ ನೋಡಿದೇನ? ನಾ ಪಕ್ಕಕ್ಕ ಕುಂತೇನಿ. ನೀ ಎಲ್ಲೂ ಬಿಟ್ಟಿಲ್ಲ."

"ನನ್ನ ಸಮಾಧಾನಕ್ಕ ಹೇಳ್ತಿ ನೀ. ಸಣ್ಣಾಕಿ ಇದ್ದಾಗಿಂದ ಹಂಗ."

ನಾನು ನನ್ನ ಫೋನಿನದನ್ನು ಹಚ್ಚಿ ಅವಳ ಕಿವಿಗೆ ಹಿಡಿದೆ. ಅವಳು ಕೇಳಿದಳು. ಕಣ್ಣು ಸಣ್ಣ ಮಾಡಿ ಮತ್ತೊಮ್ಮೆ ಹಚ್ಚು ಅಂದಳು. ಹೊರಗೆ ಒಂದು ಮೇಕೆ ಒದರಿತು, ಅದೂ ರೆಕಾರ್ಡಿನಲ್ಲಿ ಒದರಿತ್ತು, ಅದೇ ಮೇಕೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಇದು ಈಗ ಹೇಳಿದ್ದೇನ?" ಅಂದಳು.

"ಮತ್ಯಾವಾಗ? ನಿನ್ನ ಮೇಕಿ ಸಾಕ್ಷಿ ಐತಿ."

"ಹಂಗಾದ್ರ ಅಲ್ಲಿ ಯಾಕ ಕೇಳಸೂದಿಲ್ಲ?"

ಅವಳು ಈ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳಿದ್ದು ನನಗೆ ಎಷ್ಟು ಹಿತವಾಯಿತೆಂದರೆ, ಚಟ್ನಿಯ ಡಬ್ಬಿ ತೆಗೆದು ಅವಳ ಮುಂದೆ ಇಟ್ಟೆ. ಇಬ್ಬರೂ ತಿನ್ನುತ್ತ, ಎರಡೂ ರೆಕಾರ್ಡುಗಳನ್ನು ಒಂದಾದ ಮೇಲೊಂದು ಕೇಳುತ್ತ ಹೋದೆವು. ಆಗ ಒಂದು ಕಂಡಿತು. ಧ್ವನಿ ಹೋಗುವುದು ಎಲ್ಲೆಂದರಲ್ಲಿ ಅಲ್ಲ. ಅಕ್ಕ ತುದಿ ಎಳೆಯುವಾಗ, ಗೆಳತಿ ಬಾಯಿ ತೆರೆದ ಆ ಗಳಿಗೆಗೇ ಹೋಗುತ್ತಿತ್ತು.

ಗೆಳತಿಗೆ ಹೇಳಿದೆ: "ಈ ಸಲ ಅಕ್ಕ ಒಬ್ಬಾಕಿನ ಹೇಳ್ತಾಳ. ನೀ ಎತ್ತಬ್ಯಾಡ. ಸುಮ್ನ ಕೇಳು."

"ಆತು ಬೇ" ಅಂದಳು. ಅಕ್ಕ ಶುರು ಮಾಡಿದಳು. ತುದಿ ಬಂದದ್ದೇ ತಡ, ಕಾಖಂಡಕಿಯಿಂದ ಗೆಳತಿ ಎತ್ತಿಯೇಬಿಟ್ಟಳು.

"ಲೇ, ಎತ್ತಬ್ಯಾಡ ಅಂದ್ನೆಲ್ಲ!"

"ಎತ್ತಿದ್ನೇನ? ನನಗ ಖಬರಿಲ್ಲ."

ಇನ್ನೊಮ್ಮೆ. ಮತ್ತೆ ಎತ್ತಿದಳು. ಈ ಸಲ ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡು, "ಆಗೂದಿಲ್ಲ ಬೇ ನನಗ! ಬಾಯಿ ತಾನ ತೆರೀತೈತಿ. ಯಕ್ಕಾ ತುದಿ ಎಳದ್ಲು ಅಂದ್ರ ಹೆಂಗ ಸುಮ್ನ ಕುಂಡರೂದು? ನಮ್ಮ ಅಮ್ಮಾ ಎದ್ದ ಬಂದ ಹೊಡದಾಳು" ಅಂದಳು.

"ಹಂಗಾದ್ರ ಬಾಯಾಗ ನೀರ ತುಂಬಕೊ."

"ಏನ?"

"ತಂಬಿಗಿ ತಗೊ, ಬಾಯಿ ತುಂಬ ನೀರ ಹಾಕ್ಕೊ, ನುಂಗಬ್ಯಾಡ."

ಹೀಗೆ ಕಾಖಂಡಕಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಗಲ್ಲ ಉಬ್ಬಿಸಿಕೊಂಡು ಫೋನಿನ ಮುಂದೆ ಕೂತಳು. ಅವಳ ಮುಖ ನೋಡಿ ಅಕ್ಕನಿಗೆ ನಗು ತಡೆಯದೆ ಶುರು ಮಾಡುವುದೇ ಆಗಲಿಲ್ಲ. ಫೋನನ್ನು ಆಚೆ ತಿರುಗಿಸಿಟ್ಟ ಮೇಲೆ ಹಾಡಿದಳು. ತುದಿ ಎಳೆದಳು. ಎತ್ತುವವರಿಲ್ಲದೆ ಅದು ಶೆಡ್ಡಿನ ತಗಡಿಗೆ ತಾಗಿ, ತಾನೇ ಮೆಲ್ಲಗೆ ಇಳಿಯಿತು. ಆ ಕಡೆ ಗೆಳತಿ ನೀರು ಉಗುಳಿದ ಸದ್ದು, ಆಮೇಲೆ ಅವಳ ಕೂಗು: "ಪೂರಾ ಬಂತು ಯಕ್ಕಾ! ಒಂದ ಅಕ್ಷರ ಬಿಟ್ಟಿಲ್ಲ!"

ಆಗ ತಿಳಿಯಿತು. ಅಕ್ಕನ ಫೋನು ಜೋರಾಗಿ ಒದರುತ್ತಿರುತ್ತದೆ. ಅದರೊಳಗಿಂದ ಗೆಳತಿಯ ಧ್ವನಿ ಹೊರಬಂದ ಕೂಡಲೇ, ಅದೇ ಧ್ವನಿ ತಿರುಗಿ ಮೈಕಿಗೆ ಹೋಗಬಾರದೆಂದು ಫೋನು ಮೈಕನ್ನೇ ಮುಚ್ಚಿಕೊಳ್ಳುತ್ತದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುವ ಮಂದಿಗಾಗಿ ಮಾಡಿದ್ದು ಅದು. ನಮ್ಮಂಥವರಿಗೆ ಅಲ್ಲ. ಅಕ್ಕನದು ಮೂವರಲ್ಲೇ ಉದ್ದದ ತುದಿ. ನಾನು, ಗೆಳತಿ ಬೇಗ ಬಿಡುತ್ತೇವೆ, ನಮ್ಮದು ಅಷ್ಟಾಗಿ ಸಿಕ್ಕಿಬೀಳುವುದಿಲ್ಲ. ಅಕ್ಕ ಎದುರಿನವರು ಗಟ್ಟಿಯಾಗಿ ಹಿಡಿಯುವವರೆಗೆ ಬಿಡುವವಳಲ್ಲ. ಅದಕ್ಕೇ ಅವಳದೇ ಕತ್ತರಿಸಿ ಹೋಗುತ್ತಿತ್ತು. ಇನ್ನು ನಾನು ಮಾಡುತ್ತಿದ್ದದ್ದೇನು? ಅಕ್ಕನ ಧ್ವನಿ ಹೋಯಿತೆಂದು ಕೇಳಿದ ಕೂಡಲೇ, ಸೊಲ್ಲು ನೆಲಕ್ಕೆ ಬಿತ್ತಲ್ಲ ಎಂದು ಗಾಬರಿಯಾಗಿ, ನಡುವೆ ನಾನೂ ಎತ್ತುತ್ತಿದ್ದೆ. ನಾನು ಎತ್ತಿದ್ದು ಅಕ್ಕನ ಫೋನಿನಿಂದ ಹೊರಬಂದು ಮೈಕನ್ನು ಇನ್ನಷ್ಟು ಹೊತ್ತು ಮುಚ್ಚಿಸುತ್ತಿತ್ತು. ಉಳಿಸಲು ಹೋದವರೇ ಅವಳ ಬಾಯಿ ಮುಚ್ಚಿದ್ದೆವು.

ಅಕ್ಕನಿಗೆ ಇದನ್ನು ಬಿಡಿಸಿ ಹೇಳಿದೆ. ಅವಳು ಚಟ್ನಿಯ ಡಬ್ಬಿಗೆ ಮುಚ್ಚಳ ಹಾಕಿದಳು. ಆಮೇಲೆ, "ಅಂದ್ರ ನನ್ನ ಉಸಿರ ಜಾಸ್ತಿ ಆಗೇತಿ ಅಂತ ಕಟ್ ಮಾಡಾಕತ್ತೇತೇನ ಅದು?" ಅಂದಳು.

"ಹೌದು."

"ಭಾಡಕೋ" ಅಂದಳು ಅಕ್ಕ, ಫೋನಿಗೆ.

ಸಂಜೆ ಅಲ್ಲಿಂದಲೇ ಸರ್‌ಗೆ ಫೋನು ಹಚ್ಚಿ ವಿಷಯ ತಿಳಿಸಿದೆ. ಅವರಿಗೂ ಸಂತೋಷವಾಯಿತು. "ಹಾಗಾದ್ರೆ ಸುಲಭ ಮೇಡಂ! ಒಬ್ಬರು ಪೂರ್ತಿ ಮುಗಿಸಿ, ಸ್ವಲ್ಪ ಬಿಟ್ಟು ಇನ್ನೊಬ್ಬರು ಶುರು ಮಾಡಿ. ಆ ಖಾಲಿ ಜಾಗ ನಾನು ಆಮೇಲೆ ಕತ್ತರಿಸಿ ಕೂಡಿಸ್ತೀನಿ. ಕೇಳುವವರಿಗೆ ಗೊತ್ತೇ ಆಗಲ್ಲ."

"ಆಗೂದಿಲ್ರಿ."

"ಯಾಕೆ? ಹಾಡು ಅದೇ ಅಲ್ವಾ?"

"ಅಲ್ರಿ. ಸಂದ ಬಿಟ್ಟ ಹೇಳಿದ್ರ ಅದು ಮೂರ ಮಂದಿ ಮೂರ ಹಾಡ ಹೇಳಿದಂಗ. ತುದಿ ಹಿಡಿಯೂದ ಹಾಡು. ಹಿಡದದ್ದ ಗೊತ್ತಾಗಲಿಲ್ಲ ಅಂದ್ರ ನಾವ್ಯಾಕ ಬೇಕು?"

"ಯಂತ್ರಕ್ಕೆ ಸ್ವಲ್ಪ ಹೊಂದಿಕೊಳ್ಳಬೇಕಾಗುತ್ತೆ ಮೇಡಂ..."

ಅಕ್ಕ ಪಕ್ಕದಲ್ಲಿ ಕೂತು ಎಲ್ಲ ಕೇಳುತ್ತಿದ್ದವಳು, ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಯಪ್ಪಾ, ನಿಮಗ ಒಳ್ಳೇದಾಗ್ಲಿ. ಫೋನ ನಾವ ರೊಕ್ಕಾ ಕೊಟ್ಟ ತಂದದ್ದು. ಅದ ನಮಗ ಹೊಂದಿಕೊಳ್ಳಲಿ" ಅಂದಳು. ನನಗೆ ಆ ಕ್ಷಣ ವಿಜಯಪುರಕ್ಕೆ ನಡೆದು ಹೋಗಬಲ್ಲೆ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಮನೆಗೆ ಬಂದು ಫೋನಿನ ಹೊಟ್ಟೆ ಬಗೆಯತೊಡಗಿದೆ. ರೊಟ್ಟಿ ಬಡಿಯುತ್ತ, ಒಂದು ಕೈ ಹಿಟ್ಟಿನದು, ಒಂದು ಕೈ ಫೋನಿನದು. ಆ ಕೂಟದ ಆ್ಯಪಿನಲ್ಲಿ ಒಂದೊಂದು ಬಾಗಿಲು ತೆರೆದರೆ ಒಳಗೆ ಇನ್ನೊಂದು ಬಾಗಿಲು. ಎಲ್ಲ ಇಂಗ್ಲಿಷು. ಗೊತ್ತಾಗದ ಮಾತುಗಳನ್ನು ಅಂಗಡಿಗೆ ಬಂದ ಗಿರಾಕಿಗಳಿಗೂ ಓದಿಸಿದೆ. ನಮ್ಮವರು ಕೆಳಗಿಂದ "ಸಕ್ಕರಿ ಕೇಳಾಕ ಬಂದಾವ್ರಿಗೆ ಸಾಲಿ ಹಚ್ಚೀಯೇನ?" ಎಂದು ಕೂಗಿದರು. ಕೊನೆಗೆ ಧ್ವನಿಯ ವಿಭಾಗದ ತಳದಲ್ಲಿ, ಸಂಗೀತ ಹಾಡುವವರಿಗೆಂದೇ ಇದ್ದ ಒಂದು ಗುಂಡಿ ಸಿಕ್ಕಿತು. ಅದನ್ನು ಒತ್ತಿದರೆ ಗದ್ದಲ ಅಳಿಸುವುದು, ಮೈಕು ಮುಚ್ಚುವುದು, ಈ ಜಾಣತನಗಳನ್ನೆಲ್ಲ ಬಿಟ್ಟು ಧ್ವನಿ ಹೇಗಿದೆಯೋ ಹಾಗೇ ಕಳಿಸುತ್ತದೆ. ಆದರೆ ಹಾಗೆ ಮಾಡುವವರು ಕಿವಿಗೆ ಇಯರ್‌ಫೋನು ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ಕೇಳಿದ್ದೇ ಮತ್ತೆ ಕೇಳಿ ಕೂಗಾಟವಾಗುತ್ತದೆ ಎಂದು ಕೆಳಗೆ ಬರೆದಿತ್ತು.

ವೈರಿದ್ದ ಇಯರ್‌ಫೋನು ಕೇಳಿದರೆ ಮೊಬೈಲ್ ಅಂಗಡಿಯವನು "ಈಗ ಅವನ್ನ ಯಾರ ಒಯ್ತಾರ್ರಿ ಅಕ್ಕಾರ?" ಎಂದು ನಕ್ಕು, ಹಳೆಯ ರಟ್ಟಿನ ಡಬ್ಬಿಯ ತಳದಿಂದ ಮೂರು ಹುಡುಕಿ ಕೊಟ್ಟ. "ನಾವ ಒಯ್ತೇವಿ" ಅಂದೆ. ಒಂದನ್ನು ಬಬಲೇಶ್ವರ ಮೇಲೆ ಕಾಖಂಡಕಿಗೆ ಹೋಗುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟೆ, ಇನ್ನೊಂದು ಬಿಜ್ಜರಗಿಯ ಬಸ್ಸಿಗೆ. ಸಂಜೆಯೊಳಗೆ ಎರಡೂ ಮುಟ್ಟಿದವು. ಗೆಳತಿಗೆ ಕಳಿಸಿದ ಪೊಟ್ಟಣದಲ್ಲಿ ಸ್ವಲ್ಪ ಪುಟಾಣಿ, ಬೆಲ್ಲ ಕೂಡ ಇಟ್ಟಿದ್ದೆ, ನೀರು ತುಂಬಿಕೊಂಡ ಬಾಯಿಗೆ.

ಶನಿವಾರ ಮೂವರೂ ಆ ಗುಂಡಿ ಒತ್ತಿಕೊಂಡು ಹಾಡಿ ನೋಡಿದೆವು. ಈಗ ಯಾರ ಧ್ವನಿಯೂ ಕತ್ತರಿಸಲಿಲ್ಲ. ಆದರೆ ಇನ್ನೊಂದು ಎದ್ದಿತು. ಕಾಖಂಡಕಿಯ ಧ್ವನಿ ಬಿಜ್ಜರಗಿಗೆ ಮುಟ್ಟಲು ಸ್ವಲ್ಪ ತಡವಾಗುತ್ತದೆ. ಗೆಳತಿ ತನಗೆ ಕೇಳಿದ ಕೂಡಲೇ ಹಿಡಿದರೂ, ಅಕ್ಕನಿಗೆ ಅದು ಬರುವಷ್ಟರಲ್ಲಿ ಅವಳ ತುದಿ ಮುಗಿದಿರುತ್ತಿತ್ತು. ಸಣ್ಣದೇ ಸಂದು. ಆದರೂ ಸಂದು. ದಾರಿಯ ತಡ ಅದು, ಅದಕ್ಕೆ ಯಾವ ಗುಂಡಿಯೂ ಇರಲಿಲ್ಲ, ಹುಡುಕಿದೆ.

"ಇದಕ್ಕ ಏನ ಮಾಡೂದು ಬೇ?" ಅಂದಳು ಗೆಳತಿ. "ನಾ ಲಗೂನ ಎತ್ತಲೇನ?"

"ಕೇಳಸೂಕಿಂತ ಮೊದಲ ಹೆಂಗ ಎತ್ತತಿ?" ಅಂದೆ.

ಅಕ್ಕ ಚೌಕಟ್ಟಿನಲ್ಲಿ ಇಯರ್‌ಫೋನಿನ ವೈರನ್ನು ತಾಳಿಯ ಜೊತೆ ಸಿಕ್ಕು ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ, "ನೀವ ಹೆಂಗ ಹಿಡಿತೀರೋ ಹಂಗ ಹಿಡೀರಿ. ಆಕಿ ಧ್ವನಿ ನನಗ ಮುಟ್ಟೂತನಕ ನಾ ಬಿಡೂದಿಲ್ಲ" ಅಂದಳು.

"ಭಾಳ ಎಳೀಬೇಕಾಗ್ತೈತಿ ಯಕ್ಕಾ."

"ಎಳೀತೇನಿ."

ನನಗೆ ಡಾಕ್ಟರ "ನೋಡೋಣ" ನೆನಪಾಯಿತು. ಅವಳಿಗೂ ಆಗಿರಬೇಕು. "ಇವತ್ತ ಬ್ಯಾಡ, ನಾಳಿಗೆ ಇಟ್ಕೊ" ಎಂದಷ್ಟೇ ಹೇಳಿ ಕರೆ ಮುಗಿಸಿದೆ.

ಭಾನುವಾರ ನಾನು ಬೇಗ ಅಡುಗೆ ಮುಗಿಸಿ, ಮೋಟರಿನ ಗುಂಡಿಗೆ ಬಟ್ಟೆ ಕಟ್ಟಿ, ನಮ್ಮವರಿಗೆ ಮೇಲೆ ಹತ್ತಬೇಡಿರಿ ಅಂದೆ. ಅವರು ಮೆಟ್ಟಿಲ ಮೇಲೆ ಅರ್ಧಕ್ಕೆ ಕೂತರು, ಅದು ಹತ್ತಿದ್ದಲ್ಲ ಎಂಬ ಲೆಕ್ಕದಲ್ಲಿ. ಸರ್ ಬಂದರು. ನಮ್ಮ ಕಿವಿಯ ವೈರುಗಳನ್ನು ನೋಡಿ ಮುಗುಳ್ನಕ್ಕು, "ಇದು ಕೊನೆಯದು, ಆಗದಿದ್ದರೆ ಬಿಟ್ಟು ಬಿಟ್ಟು ಹಾಡೋಣ, ಒಪ್ಪಿಗೆನಾ?" ಅಂದರು. ಮೂವರೂ ಕಿವಿಯ ವೈರು ಒತ್ತಿಕೊಂಡು ಕೂತೆವು. ಅವರು ರೆಕಾರ್ಡ್ ಹಚ್ಚಿದರು.

ನಾನು ಎತ್ತಿದೆ, ಅಕ್ಕ ಹಿಡಿದಳು. ಸುರಗಿಯ ಹಾಡು, ಮೂಲೆಯಿಂದ ಮೂಲೆಗೆ ಹೋಗುವಂಥದ್ದು. ಅಕ್ಕ ಸೊಲ್ಲು ಮುಗಿಸಿ ತುದಿಗೆ ಬಂದಳು. ಎಳೆದಳು. ಎಂದೂ ಬಿಡುವ ಜಾಗ ಬಂತು, ಬಿಡಲಿಲ್ಲ. ಅವಳ ಕೊರಳ ನರ ಎದ್ದದ್ದು ನನ್ನ ಅಂಗೈಯಗಲದ ಚೌಕಟ್ಟಿನಲ್ಲಿ ಕಾಣುತ್ತಿತ್ತು. ಗೆಳತಿ ಬಾಯಿ ತೆರೆದಳು. ಅವಳ ಧ್ವನಿ ಇನ್ನೂ ಬಿಜ್ಜರಗಿಗೆ ಮುಟ್ಟಿಲ್ಲವೆಂದು ಅಕ್ಕನ ಕಣ್ಣಿನಿಂದ ತಿಳಿಯುತ್ತಿತ್ತು. ನನ್ನ ಬಾಯಿ ತಾನೇ ತೆರೆಯಿತು, ಎತ್ತಿಬಿಡಬೇಕೆಂದು. ನಾನು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ. ಅಕ್ಕನ ಧ್ವನಿ ನಡುಗಲಿಲ್ಲ, ಸ್ವಲ್ಪ ಸಣ್ಣದಾಯಿತು, ಆದರೆ ಇತ್ತು. ಆಮೇಲೆ ಅವಳ ಹುಬ್ಬು ಮೇಲೆ ಹೋಯಿತು. ಮುಟ್ಟಿತ್ತು. ಗೆಳತಿ ಹಿಡಿದದ್ದನ್ನು ಕೇಳಿ, ಅದು ಗಟ್ಟಿಯಾಗುವವರೆಗೂ ಇನ್ನೊಂದಿಷ್ಟು ನಿಂತು, ಆಗ ಬಿಟ್ಟಳು.

ಹಾಡು ಮುಗಿಯುವವರೆಗೆ ಹೀಗೆಯೇ, ಪ್ರತಿ ಸೊಲ್ಲಿಗೂ. ನನ್ನ ಸರದಿಗೆ ಸೆರಗು ಬಾಯಿಂದ ಹೊರಗೆ, ಮುಗಿದ ಮೇಲೆ ಮತ್ತೆ ಒಳಗೆ.

ಸರ್ ತಮ್ಮ ಕಡೆಯ ರೆಕಾರ್ಡನ್ನು ಮೊದಲಿಂದ ಕೇಳಿದರು. ಮೆಟ್ಟಿಲ ಮೇಲಿನವರು ಇನ್ನೊಂದು ಮೆಟ್ಟಿಲು ಹತ್ತಿ ಕೂತರು. ಕೊನೆಗೆ ಸರ್ ಹೇಳಿದರು: "ಎಲ್ಲೂ ಕಟ್ ಆಗಿಲ್ಲ. ಎಲ್ಲೂ. ತುಂಬಾ ಚೆನ್ನಾಗಿ ಬಂದಿದೆ. ಒಂದೇ ಒಂದು, ಎರಡನೇ ಮೂಲೆಯ ಹತ್ತಿರ ಒಂದು ಮೇಕೆ ಕೂಗಿದೆ. ಇನ್ನೊಮ್ಮೆ ತಗೊಳ್ಳೋಣವಾ?"

ಅಕ್ಕ ಲೋಟದ ಬಿಸಿನೀರು ಕುಡಿದು ಕೆಳಗಿಟ್ಟಳು.

"ಮೇಕಿ ಇರ್ಲಿ ಬಿಡ್ರಿ, ಅದೂ ನಮ್ಮನಿದ. ನನಗ ಉಸಿರ ಇನ್ನ ಐತಿ, ಬ್ಯಾರೆ ಹಾಡ ಹೇಳ್ತೇನಿ" ಅಂದಳು. ಅವರ ಉತ್ತರಕ್ಕೆ ಕಾಯಲಿಲ್ಲ. ಎತ್ತಿದಳು. ನಾನು ಬಾಯಿಂದ ಸೆರಗು ತೆಗೆದು ತುದಿಗೆ ಕಾದು ಕೂತೆ.